ದಾವಣಗೆರೆ ಬೆಣ್ಣೆ ದೋಸೆ: ಬೋರ್ಡು ಬಿಡಿ, ಒಲೆ ನೋಡಿ

ಊರಿಗೆ ಬಂದವರೆಲ್ಲ ಬೆಣ್ಣೆ ದೋಸೆ ಎಲ್ಲಿ ಚೆನ್ನಾಗಿದೆ ಎಂದೇ ಕೇಳುತ್ತಾರೆ. ಕಟ್ಟಿಗೆ ಉರಿ, ದಪ್ಪ ಕಬ್ಬಿಣದ ಕಾವಲಿ ಕಂಡರೆ ಒಳಗೆ ಹೋಗಿ ಕೂತುಬಿಡಿ. ಹಳೇ ಊರಿನ ಒಂದು ಸಣ್ಣ ಹೋಟೆಲಿನಲ್ಲಿ ಎರಡೂ ಇವೆ.

ಹಿಟ್ಟಿನ ಗುಟ್ಟು ಮಂಡಕ್ಕಿ. ನಾಲ್ಕು ಪಾವು ಅಕ್ಕಿಗೆ ಒಂದು ಪಾವು ಉದ್ದಿನ ಬೇಳೆ, ಚಿಟಿಕೆ ಮೆಂತ್ಯ, ನೆನೆಸಿ ಹಿಂಡಿದ ಎರಡು ಪಾವು ಮಂಡಕ್ಕಿ ಹಾಕಿದರೆ ಮನೆಯಲ್ಲೂ ಹತ್ತಿರದ ಹದ ಸಿಗುತ್ತದೆ. ದೋಸೆಯ ಒಳಗು ಮೆತ್ತಗಾಗುವುದು ಇದರಿಂದಲೇ. ಮಂಡಕ್ಕಿ ಹೆಚ್ಚಾದರೆ ಮಾತ್ರ ಹಿಟ್ಟು ಅಂಟಿಕೊಂಡು ದೋಸೆ ಏಳುವುದೇ ಇಲ್ಲ.

ಇಲ್ಲಿ ಹಿಟ್ಟು ಹುಯ್ದು, ಮೇಲೆ ತೂತು ಬಿದ್ದ ಮೇಲಷ್ಟೇ ಬೆಣ್ಣೆ ಹಾಕುತ್ತಾರೆ. ಹಸಿ ಹಿಟ್ಟಿಗೇ ಸುರಿದರೆ ಬೆಣ್ಣೆ ಅಂಚಿಗೆ ಹರಿದು ನಡುಭಾಗ ಬಿಳುಚಿಕೊಳ್ಳುತ್ತದೆ. ತಟ್ಟೆಗೆ ಬಂದಾಗ ಅಂಚು ಕಂದು, ನಡುವೆ ಇನ್ನೂ ಕರಗುತ್ತಿರುವ ಬಿಳಿ ಬೆಣ್ಣೆಯ ಉಂಡೆ, ಪಕ್ಕದಲ್ಲಿ ಒಗ್ಗರಣೆಯ ಗದ್ದಲವಿಲ್ಲದ ಬಿಳಿ ಆಲೂಗಡ್ಡೆ ಪಲ್ಯ. ತೆಂಗಿನಕಾಯಿ ಚಟ್ನಿ ನೀರಾಗಿರುತ್ತದೆ, ಅದು ಹಾಗೇ ಇರಬೇಕು. ಸಾಂಬಾರ್ ಕೇಳಬೇಡಿ!

ಕೊರತೆ ಎಂದರೆ ಭಾನುವಾರದ ನೂಕುನುಗ್ಗಲು. ಗಡಿಬಿಡಿಯಲ್ಲಿ ಕಾವಲಿ ತಣ್ಣಗಾಗಿ, ಹತ್ತು ಗಂಟೆಯ ನಂತರದ ದೋಸೆಗೆ ಗರಿ ಬರುವುದಿಲ್ಲ. ಎಂಟಕ್ಕೆ ಮುಂಚೆ ಹೋಗಿ. ಪಾರ್ಸಲ್ ಬೇಡವೇ ಬೇಡ, ಹಬೆಗೆ ಹತ್ತೇ ನಿಮಿಷದಲ್ಲಿ ಮೆತ್ತಗಾಗುತ್ತದೆ. ಚಿತ್ರದುರ್ಗದ ಕೋಟೆ ಹತ್ತಲು ಹೊರಟವರಂತೂ ಎರಡು ದೋಸೆಗೇ ನಿಲ್ಲಿಸಿ, ಬೆಣ್ಣೆ ಬಾಯಾರಿಸುತ್ತದೆ.