ಕುಡ್ಲೆ ಬೀಚಿನ ಗುಡಿಸಲು: ಜೋಡಿ ಪ್ರವಾಸಕ್ಕೆ ಇಷ್ಟು ಸಾಕು

ಮೊದಲೇ ಹೇಳಿಬಿಡುತ್ತೇನೆ. ಗೋಕರ್ಣದ ಕುಡ್ಲೆ ಬೀಚಿನಲ್ಲಿ ನಾವು ಉಳಿದ ಜಾಗ ರೆಸಾರ್ಟ್ ಅಲ್ಲ. ಎಸಿ ಇಲ್ಲ, ಟಿವಿ ಇಲ್ಲ, ರೂಮ್ ಸರ್ವೀಸ್ ಕೇಳಲೇಬೇಡಿ. ಆದರೆ ಗಂಡನನ್ನೋ ಹೆಂಡತಿಯನ್ನೋ ಕಡಿಮೆ ಖರ್ಚಿನಲ್ಲಿ ಎಲ್ಲಾದರೂ ಕರೆದುಕೊಂಡು ಹೋಗಬೇಕು ಅಂತ ಲೆಕ್ಕ ಹಾಕುತ್ತಾ ಕೂತಿರುವವರಿಗೆ ನಾನು ಕಣ್ಣು ಮುಚ್ಚಿಕೊಂಡು ಇದನ್ನೇ ಹೇಳುತ್ತೇನೆ.

ನಮ್ಮೆಜಮಾನ್ರ ಹುಟ್ಟಿದಹಬ್ಬಕ್ಕೆ ಪ್ಲಾನ್ ಮಾಡಿದ್ದು ನಾನೇ. ಇಬ್ಬರಿಗೂ ಸೇರಿ ಹತ್ತು ಸಾವಿರ ದಾಟಬಾರದು ಅನ್ನೋದು ಒಂದೇ ಷರತ್ತು. ಕಪಲ್ ಪ್ಯಾಕೇಜ್ ಮಾರುವ ಒಬ್ಬರಿಗೆ ಫೋನ್ ಮಾಡಿದೆ. ಟವಲ್‌ನಲ್ಲಿ ಮಾಡಿದ ಎರಡು ಹಂಸ, ಹಾಸಿಗೆ ಮೇಲೆ ಗುಲಾಬಿ ದಳ, ಅರ್ಧ ಕೆ.ಜಿ. ಕೇಕು, ಒಂದು ಕ್ಯಾಂಡಲ್ ಲೈಟ್ ಡಿನ್ನರ್, ಇಷ್ಟಕ್ಕೇ 4,500 ರೂಪಾಯಿ ಎಕ್ಸ್‌ಟ್ರಾ ಅಂದರು. ರೂಮಿನ ಬಾಡಿಗೆ ಬೇರೆ. ಹಂಸ ಬೇಡ, ಕೇಕು ನಾನೇ ತರುತ್ತೇನೆ ಅಂದರೆ "ಪ್ಯಾಕೇಜ್ ಒಡೆಯೋಕೆ ಆಗಲ್ಲ ಮೇಡಂ" ಅಂತ ಉತ್ತರ. ಆಯ್ತು ಬಿಡಿ ಅಂತ ಫೋನ್ ಇಟ್ಟೆ.

ಹೋಗಿದ್ದು ಪಂಚಗಂಗಾ ಎಕ್ಸ್‌ಪ್ರೆಸ್‌ನಲ್ಲಿ, ಗಾಡಿ ನಂಬರ್ 16595. ಬೆಂಗಳೂರಿನಿಂದ ಸಂಜೆ ಹೊರಟು ಹಾಸನ, ಸಕಲೇಶಪುರ, ಸುಬ್ರಹ್ಮಣ್ಯ ಮೇಲೆ ಘಟ್ಟ ಇಳಿದು, ಮಂಗಳೂರು ಸೆಂಟ್ರಲ್ ಒಳಗೆ ಹೋಗದೆ ಪಡೀಲ್‌ನಿಂದ ಹಾಗೇ ತಿರುಗಿ ಉಡುಪಿ, ಕುಂದಾಪುರ ದಾಟಿ ಬೆಳಗ್ಗೆ ಗೋಕರ್ಣ ರೋಡ್ ಸ್ಟೇಷನ್ನಿಗೆ ಬಿಡುತ್ತದೆ. ಸ್ಲೀಪರ್‌ನಲ್ಲಿ ಒಬ್ಬರಿಗೆ ಐನೂರರ ಒಳಗೇ. ಅದೇ ಶುಕ್ರವಾರ ರಾತ್ರಿ ಪ್ರೈವೇಟ್ ಸ್ಲೀಪರ್ ಬಸ್ಸಿನ ರೇಟು ನೋಡಿ, ಎದೆ ಝಲ್ ಅನ್ನುತ್ತದೆ. ಒಂದೇ ಬೇಜಾರು ಅಂದರೆ ಘಟ್ಟ ಬರುವ ಹೊತ್ತಿಗೆ ಕತ್ತಲೆ, ಏನೂ ಕಾಣುವುದಿಲ್ಲ. ಈಗ ರಿಸರ್ವೇಶನ್ 60 ದಿನ ಮೊದಲು ತೆರೆಯುತ್ತದೆ, ಲಾಂಗ್ ವೀಕೆಂಡ್ ಆದರೆ ಅವತ್ತು ಬೆಳಗ್ಗೆಯೇ ಮಾಡಿಬಿಡಿ. ಆಮೇಲೆ ವೇಟಿಂಗ್ ಲಿಸ್ಟ್ ನೋಡಿಕೊಂಡು ಉಗುರು ಕಚ್ಚುವ ಕೆಲಸ ಬೇಡ. ಸ್ಟೇಷನ್ ಊರಿನಿಂದ ಸುಮಾರು 10 ಕಿ.ಮೀ. ಹೊರಗಿದೆ. ಬೆಳಬೆಳಗ್ಗೆ ಆಟೋದವರು ಹೇಳಿದ್ದೇ ರೇಟು. ನಾವು ಅದೇ ಗಾಡಿಯಲ್ಲಿ ಇಳಿದ ಇನ್ನೊಂದು ಜೋಡಿಯನ್ನು ಮಾತಾಡಿಸಿ ಒಂದೇ ಆಟೋದಲ್ಲಿ ತುರುಕಿಕೊಂಡು ಹೋದೆವು.

ಇನ್ನು ಗುಡಿಸಲು. ಹೆಸರು ಬರೆಯುವುದಿಲ್ಲ, ಕುಡ್ಲೆಯಲ್ಲಿ ಮರಳಿನ ಅಂಚಿಗೆ ಸಾಲಾಗಿ ಇಂಥವು ಬೇಕಾದಷ್ಟಿವೆ. ನಾವಿದ್ದಾಗ ರಾತ್ರಿಗೆ 1,200, ವಾರದ ಮಧ್ಯದ ರೇಟು. ಅರ್ಧ ಗೋಡೆ ಚಿರೆಕಲ್ಲು, ಮೇಲೆ ಬಿದಿರಿನ ತಟ್ಟಿ, ಮಾಡಿಗೆ ತೆಂಗಿನ ಗರಿ. ಒಂದು ಮಂಚ, ಒಂದು ಫ್ಯಾನು, ಒಂದು ಸೊಳ್ಳೆ ಪರದೆ. ಪರದೆಯ ತೂತುಗಳನ್ನು ಯಾರೋ ಪುಣ್ಯಾತ್ಮರು ಸೇಫ್ಟಿ ಪಿನ್ ಹಾಕಿ ಮುಚ್ಚಿದ್ದರು. ಒಂದು ತೂತು ಮರೆತಿದ್ದರು, ಸೊಳ್ಳೆಗಳಿಗೆ ಅದು ಗೊತ್ತಿತ್ತು. ನಲ್ಲಿ ನೀರು ಸ್ವಲ್ಪ ಉಪ್ಪು, ಸೋಪು ಎಷ್ಟು ಉಜ್ಜಿದರೂ ನೊರೆ ಬರುವುದಿಲ್ಲ, ಕೂದಲು ತೊಳೆಯುವ ಪ್ಲಾನ್ ಇದ್ದರೆ ಕೈಬಿಡಿ. ಬಾತ್‌ರೂಮ್ ಕ್ಲೀನ್ ಇತ್ತು, ಆದರೆ ಪಕ್ಕದ ಗುಡಿಸಲಿನವರ ಜೊತೆ ಶೇರಿಂಗ್.

ಒಂದು ಜಗಳವೂ ಆಯಿತು. ಫೋನಿನಲ್ಲಿ "ಸೀ ವ್ಯೂ" ಅಂದಿದ್ದರು, ಫೋಟೋದಲ್ಲೂ ಬಾಗಿಲ ಮುಂದೆ ಸಮುದ್ರ ಇತ್ತು. ಹೋಗಿ ನೋಡಿದರೆ ನಮ್ಮ ಬಾಗಿಲ ಮುಂದೆ ಅಡುಗೆಮನೆಯ ಹಿಂಭಾಗ, ಗ್ಯಾಸ್ ಸಿಲಿಂಡರ್, ಈರುಳ್ಳಿ ಚೀಲ. ಬಗ್ಗಿ ಎಡಕ್ಕೆ ನೋಡಿದರೆ ಒಂದು ಗೇಣು ಸಮುದ್ರ. ನಾನು ಸುಮ್ನೆ ಬಿಡಲಿಲ್ಲ, ವಾಟ್ಸ್ಆ್ಯಪ್ ಫೋಟೋ ತೆಗೆದು ತೋರಿಸಿದೆ. ಮಾರನೇ ದಿನ ಮುಂದಿನ ಸಾಲಿನದು ಖಾಲಿಯಾಯಿತು, ಅದೇ ರೇಟಿಗೆ ಕೊಟ್ಟರು. ಆದ್ದರಿಂದ ಪೂರ್ತಿ ಅಡ್ವಾನ್ಸ್ ಕಳಿಸಬೇಡಿ. ಒಂದು ರಾತ್ರಿಗೆ ಮಾತ್ರ ಬುಕ್ ಮಾಡಿ, ಕಣ್ಣಾರೆ ನೋಡಿ ಉಳಿದದ್ದು ಮಾತಾಡಿ.

ಮುಂದಿನ ಸಾಲಿಗೆ ಬಂದ ಮೇಲೆ ಪ್ರವಾಸದ ಕಥೆಯೇ ಬದಲಾಯಿತು. ಎದ್ದರೆ ಎದುರಿಗೇ ನೀರು. ಕುಡ್ಲೆಯ ಎರಡೂ ಕಡೆ ಗುಡ್ಡ, ನಡುವೆ ಬಿಲ್ಲಿನ ಹಾಗೆ ಬಾಗಿದ ಮರಳು. ಊರಿನ ಮುಖ್ಯ ಬೀಚಿನಷ್ಟು ಗಲಾಟೆ ಇಲ್ಲ. ನಾನು ಮೊದಲೇ ಹೇಳಿಟ್ಟಿದ್ದೆ ಅಂತ ಹುಟ್ಟಿದಹಬ್ಬದ ರಾತ್ರಿ ಹುಡುಗರು ಒಂದು ಟೇಬಲ್ ಎತ್ತಿ ಮರಳಿನ ಮೇಲೆ ಇಟ್ಟರು, ಗಾಳಿಗೆ ಆರದಿರಲಿ ಅಂತ ಬಿಸ್ಲೇರಿ ಬಾಟಲಿ ಕತ್ತರಿಸಿ ಒಳಗೆ ಮೇಣದ ಬತ್ತಿ ನಿಲ್ಲಿಸಿದರು. ಎಕ್ಸ್‌ಟ್ರಾ ಚಾರ್ಜ್ ಏನೂ ಇಲ್ಲ. ಬಂಗಡೆ ರವಾ ಫ್ರೈ, ಅನ್ನ, ಸಾರು, ಕೋಕಂ ಶರಬತ್ತು, ಇಬ್ಬರಿಗೂ ಸೇರಿ ಏಳುನೂರರ ಹತ್ತಿರ. ಮನೆಯಲ್ಲಿ ಊಟಕ್ಕೆ ಕೂತರೆ ಮೊಬೈಲ್ ಬಿಡದ ಮನುಷ್ಯ ಅವತ್ತು ಎರಡು ಗಂಟೆ ಮಾತಾಡಿದರು. ನೆಟ್‌ವರ್ಕ್ ಸರಿ ಇರಲಿಲ್ಲ ಅನ್ನೋದೂ ಕಾರಣ ಇರಬಹುದು, ನನಗೇನು, ಮಾತಾಡಿದರಲ್ಲ.

ಮೆನುವಿನಲ್ಲಿರುವ ಪಾಸ್ತಾ, ಪಿಜ್ಜಾ ದಂಡ. ವಿದೇಶದವರಿಗೆ ಅಂತ ಶುರುವಾದ ಮೆನು ಅದು, ರೇಟೂ ಜಾಸ್ತಿ. ಬೆಳಗಿನ ತಿಂಡಿಗೆ ಗುಡ್ಡ ಹತ್ತಿ ಇಳಿದು ಊರಿಗೆ ನಡೆಯಿರಿ, ಅರ್ಧ ಗಂಟೆ ದಾರಿ. ಬನ್ಸ್, ನೀರು ದೋಸೆ ತಿಂದು ರಥಬೀದಿಯಲ್ಲಿ ಒಂದು ಸುತ್ತು ಹಾಕಿ, ಕೋಟಿತೀರ್ಥ ನೋಡಿಕೊಂಡು ಬರಬಹುದು. ಮಹಾಬಲೇಶ್ವರನ ದರ್ಶನ ಮಾಡುವುದಾದರೆ ಗಂಡಸರು ಅಂಗಿ ತೆಗೆಯಬೇಕು, ಚಡ್ಡಿಯಲ್ಲಿ ಹೋಗಿ ಬಾಗಿಲಲ್ಲಿ ನಿಲ್ಲಬೇಡಿ, ಒಂದು ಪಂಚೆ ಬ್ಯಾಗಿನಲ್ಲಿರಲಿ.

ಓಂ ಬೀಚಿಗೆ ಕುಡ್ಲೆಯಿಂದ ಗುಡ್ಡದ ಮೇಲೇ ದಾರಿ ಇದೆ. ಅಲ್ಲಿಂದ ಹಾಫ್ ಮೂನ್, ಆಮೇಲೆ ಪ್ಯಾರಡೈಸ್. ಹೋಗುವಾಗ ನಡೆದು, ಬರುವಾಗ ದೋಣಿ ಹಿಡಿಯಿರಿ. ದೋಣಿಯವರು ಮೊದಲು ಹೇಳುವ ರೇಟಿಗೆ ಒಪ್ಪಬೇಡಿ, ನಾಲ್ಕೈದು ಜನ ಸೇರುವವರೆಗೆ ಕಾದರೆ ಇಳಿಯುತ್ತದೆ. ಕತ್ತಲಾದ ಮೇಲೆ ಆ ಬಂಡೆ ದಾರಿಯಲ್ಲಿ ನಡೆಯುವ ಸಾಹಸ ಮಾತ್ರ ಬೇಡ. ನೀರಿನಲ್ಲೂ ಅಷ್ಟೇ. ಕುಡ್ಲೆಯ ಸಮುದ್ರ ಶಾಂತವಾಗಿ ಕಾಣುತ್ತದೆ, ಆದರೆ ಸೆಳೆತ ಇದೆ. ಗೋಕರ್ಣದಲ್ಲಿ ಪ್ರವಾಸಿಗರು ಮುಳುಗಿದ ಸುದ್ದಿ ಪೇಪರಿನಲ್ಲಿ ಬರುತ್ತಲೇ ಇರುತ್ತದೆ. ಲೈಫ್‌ಗಾರ್ಡ್ ಸೀಟಿ ಊದಿದರೆ ಎದ್ದು ಬನ್ನಿ.

ನನಗೆ ಎಲ್ಲಕ್ಕಿಂತ ಇಷ್ಟವಾದದ್ದು ಮಿರ್ಜಾನ್ ಕೋಟೆ. ಕುಮಟಾ ಬಸ್ಸು ಹತ್ತಿ ಮಿರ್ಜಾನಿನಲ್ಲಿ ಇಳಿದು ಸ್ವಲ್ಪ ನಡೆದರೆ ಆಯಿತು. ಶಕ್ತಿ ಯೋಜನೆಯಲ್ಲಿ ನನಗೆ ಸೊನ್ನೆ ಟಿಕೆಟ್, ನಮ್ಮವರು ಮಾತ್ರ ದುಡ್ಡು ಕೊಟ್ಟರು, ಹುಟ್ಟಿದಹಬ್ಬ ಅಂತ ಕಂಡಕ್ಟರ್ ಏನೂ ಬಿಡಲಿಲ್ಲ. ಗೇರುಸೊಪ್ಪೆಯ ರಾಣಿ ಚೆನ್ನಭೈರಾದೇವಿಯ ಹೆಸರು ಹೇಳುವ ಕೋಟೆ ಇದು, ಪೋರ್ಚುಗೀಸರು ಆಕೆಯನ್ನು ಕಾಳುಮೆಣಸಿನ ರಾಣಿ ಅನ್ನುತ್ತಿದ್ದರಂತೆ. ಚಿರೆಕಲ್ಲಿನ ಗೋಡೆ, ಸುತ್ತ ಕಂದಕ, ಒಳಗೆ ಆಳವಾದ ಬಾವಿಗಳು. ಮಳೆ ನಿಂತ ಹೊಸತರಲ್ಲಿ ಹೋದರೆ ಗೋಡೆಯೆಲ್ಲ ಪಾಚಿ ಹಿಡಿದು ಹಸಿರಾಗಿರುತ್ತದೆ. ಫೋಟೋ ಹುಚ್ಚಿದ್ದವರಿಗೆ ಅರ್ಧ ದಿನ ಸಾಲದು. ಇನ್ನೊಂದು ಅಗ್ಗದ ಖುಷಿ ಬೇಕೆಂದರೆ ತದಡಿಗೆ ಹೋಗಿ ದೋಣಿ ಹತ್ತಿ ಅಘನಾಶಿನಿ ಊರಿನ ಕಡೆ ದಾಟಿ. ಅದು ಟೂರಿಸ್ಟ್ ದೋಣಿ ಅಲ್ಲ, ಊರವರು ಓಡಾಡುವುದು, ಪಕ್ಕದಲ್ಲಿ ಬೈಕೂ ನಿಂತಿರುತ್ತದೆ, ಮೀನಿನ ಬುಟ್ಟಿಯೂ ಇರುತ್ತದೆ. ನದಿ ಸಮುದ್ರ ಸೇರುವ ಜಾಗ ಪೂರ್ತಿ ಕಾಣುತ್ತದೆ.

ಯಾವಾಗ ಹೋಗಬೇಕು? ನವೆಂಬರ್‌ನಿಂದ ಫೆಬ್ರವರಿ ಒಳ್ಳೆಯದು, ಆದರೆ ಡಿಸೆಂಬರ್ ಕೊನೆಯ ವಾರ ಮತ್ತು ಶಿವರಾತ್ರಿ ಬಿಟ್ಟು. ಶಿವರಾತ್ರಿಗೆ ತೇರು ನೋಡುವ ಆಸೆಯಿದ್ದರೆ ಬೇರೆ ಮಾತು, ಇಬ್ಬರೇ ಇರೋಣ ಅಂತ ಹೋಗುವ ಹೊತ್ತಲ್ಲ ಅದು. ಮಳೆಗಾಲದಲ್ಲಿ ಬೀಚಿನ ಗುಡಿಸಲುಗಳು ಬಹಳಷ್ಟು ಮುಚ್ಚಿರುತ್ತವೆ, ಜೂನ್ ಜುಲೈನಲ್ಲಿ ಯಾಂತ್ರಿಕ ದೋಣಿಗಳ ಮೀನುಗಾರಿಕೆಗೂ ನಿಷೇಧ, ತಾಜಾ ಮೀನಿನ ಆಸೆ ಇಟ್ಟುಕೊಂಡು ಹೋಗಬೇಡಿ.

ಮದುವೆಯಾದ ಹೊಸತರಲ್ಲಿ ಅತ್ತೆ ಮಾವ "ಎಲ್ಲಿ ಉಳಿದಿರಿ, ಫೋಟೋ ತೋರಿಸಿ" ಅನ್ನುವ ಮನೆಯವರಾದರೆ, ಇಲ್ಲವೇ ಬಾತ್‌ರೂಮ್ ವಿಷಯದಲ್ಲಿ ನಿಮ್ಮವರು ಸ್ವಲ್ಪ ಸೂಕ್ಷ್ಮ ಆದರೆ, ಊರೊಳಗೇ ಅಟ್ಯಾಚ್ಡ್ ಇರುವ ರೂಮ್ ತೆಗೆದುಕೊಳ್ಳಿ, ದುಡ್ಡೇನೂ ತೀರಾ ಜಾಸ್ತಿಯಾಗುವುದಿಲ್ಲ. ನಮಗೆ ಇದೇ ಸರಿಯಾಯಿತು, ಲೆಕ್ಕ ಹತ್ತು ಸಾವಿರದೊಳಗೇ ನಿಂತಿತು. ಐದಕ್ಕೆ ನಾಲ್ಕು ಕೊಡುತ್ತೇನೆ. ಟಾರ್ಚ್, ಸೊಳ್ಳೆ ಬತ್ತಿ, ಕ್ಯಾಶ್ ಮೂರನ್ನೂ ಮನೆಯಿಂದಲೇ ಒಯ್ಯಿರಿ. ನೆಟ್‌ವರ್ಕ್ ಕೈಕೊಟ್ಟರೆ ಫೋನ್‌ಪೇ ಆಗುವುದಿಲ್ಲ, ಎಟಿಎಂ ಬೇಕೆಂದರೆ ಮತ್ತೆ ಗುಡ್ಡ ಹತ್ತಿ ಊರಿಗೆ ಹೋಗಬೇಕು.