ಬಾದಾಮಿಗೆ ಹೊರಟಿದ್ದೀರಾ? ಮ್ಯಾಪ್‌ನಲ್ಲಿ ಸಿಕ್ಕ ನಂಬರಿಗೆ ರೂಮಿನ ದುಡ್ಡು ಕಳಿಸಬೇಡಿ

ಬಾದಾಮಿ, ಪಟ್ಟದಕಲ್ಲು, ಐಹೊಳೆ ನೋಡಲು ಹೊರಟಿರುವವರು ದಯವಿಟ್ಟು ಇದನ್ನು ಪೂರ್ತಿ ಓದಿ. ಲಾಡ್ಜ್ ಬುಕ್ ಮಾಡಲು ಹೋಗಿ ನಾನು 25,602 ರೂಪಾಯಿ ಕಳೆದುಕೊಂಡೆ. ದುಡ್ಡಿನ ಜೊತೆಗೆ ನನ್ನ ಅಪ್ಪ ಎಷ್ಟೋ ವರ್ಷದಿಂದ ಕಾಯುತ್ತಿದ್ದ ಒಂದು ದಿನವೂ ಹೋಯಿತು. ನನಗೆ ಜಾಸ್ತಿ ನೋವಾಗಿರುವುದು ಅದಕ್ಕೇ.

ಅಪ್ಪ ತುಮಕೂರು ಜಿಲ್ಲೆಯ ಹೈಸ್ಕೂಲಿನಲ್ಲಿ 31 ವರ್ಷ ಸಮಾಜ ಪಾಠ ಹೇಳಿದವರು. ಇಮ್ಮಡಿ ಪುಲಿಕೇಶಿ ಹರ್ಷನನ್ನು ಸೋಲಿಸಿದ್ದು, ಕವಿ ರವಿಕೀರ್ತಿ ಅದನ್ನು ಐಹೊಳೆಯ ಮೇಗುತಿ ಬಸದಿಯ ಗೋಡೆಯ ಮೇಲೆ 634ರಲ್ಲಿ ಬರೆಸಿದ್ದು, ಎಲ್ಲವನ್ನೂ ಪ್ರತಿ ವರ್ಷ ಮಕ್ಕಳಿಗೆ ಹೇಳಿದ್ದಾರೆ. ಆದರೆ ಆ ಗೋಡೆಯನ್ನು ಅವರು ಒಮ್ಮೆಯೂ ಕಣ್ಣಾರೆ ನೋಡಿಲ್ಲ. ಈಗ ಅವರಿಗೆ 74. ಅಮ್ಮನಿಗೂ ಒಂದು ಆಸೆ ಇತ್ತು. ನಮ್ಮ ಮನೆದೇವರು ಬನಶಂಕರಿ. ದೇವಿಗೆ ಸೀರೆ ಕೊಡುವ ಹರಕೆ ಬಾಕಿ ಉಳಿದಿತ್ತು. ಹಾಗಾಗಿ ಜನವರಿಯಲ್ಲಿ, ಬನದ ಹುಣ್ಣಿಮೆಯ ತೇರು ಮುಗಿದ ಮೇಲೆ ಹೋಗುವುದು ಎಂದುಕೊಂಡೆವು. ಅಪ್ಪ, ಅಮ್ಮ, ನಾನು, ನನ್ನ 11 ವರ್ಷದ ಮಗ. ಎರಡು ರಾತ್ರಿ, ಎರಡು ರೂಮು.

ಒಂದು ವಿಷಯ ನನಗೆ ಗೊತ್ತಿರಲಿಲ್ಲ. ಬನಶಂಕರಿ ಜಾತ್ರೆ ತೇರಿನ ದಿನಕ್ಕೇ ಮುಗಿಯುವುದಿಲ್ಲ. ಆಮೇಲೂ ವಾರಗಟ್ಟಲೆ ನಡೆಯುತ್ತದೆ. ನಾಟಕ ಕಂಪನಿಗಳು ಟೆಂಟ್ ಹಾಕಿರುತ್ತವೆ, ಸುತ್ತಲಿನ ಜಿಲ್ಲೆಗಳಿಂದ ಜನ ಬರುತ್ತಲೇ ಇರುತ್ತಾರೆ. ಬಾದಾಮಿಯಲ್ಲಿ ರೂಮು ಸಿಗುವುದು ಕಷ್ಟ. ಮೋಸ ಮಾಡುವವರಿಗೆ ಇಂಥ ಸಮಯವೇ ಬೇಕು. ಎಲ್ಲೂ ರೂಮಿಲ್ಲ ಎಂದು ಗಾಬರಿಯಲ್ಲಿ ಇರುವವರು "ಇದೆ" ಎಂದವರನ್ನು ಬೇಗ ನಂಬಿಬಿಡುತ್ತಾರೆ. ನಾನೂ ನಂಬಿದೆ.

ನಾಲ್ಕೈದು ಕಡೆ ಫೋನ್ ಮಾಡಿ ಇಲ್ಲ ಎನ್ನಿಸಿಕೊಂಡ ಮೇಲೆ ಮ್ಯಾಪ್‌ನಲ್ಲಿ ಇನ್ನೊಂದು ಲಾಡ್ಜ್ ಸಿಕ್ಕಿತು. ಊರಿನಲ್ಲಿ ನಿಜವಾಗಿಯೂ ಇರುವ ಲಾಡ್ಜ್. ಅದರ ಫೋಟೋಗಳು ನಿಜ, ಜನ ಬರೆದ ಅಭಿಪ್ರಾಯಗಳೂ ನಿಜ. ಫೋನ್ ನಂಬರ್ ಒಂದೇ ಸುಳ್ಳು. ಮ್ಯಾಪ್‌ನಲ್ಲಿ ಇರುವ ಮಾಹಿತಿ ತಪ್ಪಿದ್ದರೆ ತಿದ್ದಲು ಯಾರು ಬೇಕಾದರೂ ಸೂಚಿಸಬಹುದು, ಅಲ್ವಾ? ಅದೇ ಸೌಲಭ್ಯ ಬಳಸಿ ಮೋಸಗಾರರು ಮಾಲೀಕರ ನಂಬರ್ ತೆಗೆಸಿ ತಮ್ಮದನ್ನು ಸೇರಿಸಿಬಿಡುತ್ತಾರೆ. ಲಾಡ್ಜಿನವರಿಗೆ ಎಷ್ಟೋ ದಿನ ಅದು ಗೊತ್ತೇ ಆಗುವುದಿಲ್ಲ.

ಫೋನ್ ಎತ್ತಿದವನು ತುಂಬಾ ಮರ್ಯಾದೆಯಿಂದ ಮಾತನಾಡಿದ. ಎರಡು ರೂಮು ಇವೆ, ಒಂದಕ್ಕೆ ದಿನಕ್ಕೆ 1,600, ಜಾತ್ರೆ ಇರುವುದರಿಂದ ಪೂರ್ತಿ ಮುಂಗಡ ಕೊಡಬೇಕು ಎಂದ. ವಾಟ್ಸಾಪ್‌ನಲ್ಲಿ ರೂಮಿನ ಫೋಟೋ, ಲಾಡ್ಜಿನ ಹೆಸರಿರುವ ರಸೀದಿ, ಒಂದು ಕ್ಯೂಆರ್ ಕೋಡ್ ಎಲ್ಲಾ ಬಂತು. 6,400 ಕಳಿಸಿದೆ. ಹತ್ತು ನಿಮಿಷ ಬಿಟ್ಟು ಫೋನ್ ಬಂತು. "ಮೇಡಂ, ನಿಮ್ಮ ಪೇಮೆಂಟ್ ಬಂದಿದೆ, ಆದರೆ ಸಿಸ್ಟಂನಲ್ಲಿ ಎಂಟ್ರಿ ಆಗಿಲ್ಲ. ಕೊನೆಗೆ ಒಂದು ರೂಪಾಯಿ ಸೇರಿಸಿ 6,401 ಕಳಿಸಿ. ಆಗ ರೂಮು ಕನ್ಫರ್ಮ್ ಆಗುತ್ತದೆ. ಮೊದಲಿನ ದುಡ್ಡು ತಾನಾಗಿಯೇ ವಾಪಸ್ ಬರುತ್ತದೆ." ನಾನು ಅದನ್ನೂ ಕಳಿಸಿದೆ. ವಾಪಸ್ ಬರಲಿಲ್ಲ. ಕೇಳಿದರೆ "ಚೆಕ್ ಔಟ್ ದಿನ ಕೌಂಟರಿನಲ್ಲಿ ಕೊಡುತ್ತೇವೆ" ಎಂದ. ರೂಮು ಸಿಕ್ಕಿತಲ್ಲ ಎಂದು ಸುಮ್ಮನಾದೆ.

ಈಗ ಕೂತು ನೆನೆಸಿಕೊಂಡರೆ ಎರಡು ಗುರುತು ಅವತ್ತೇ ಕಣ್ಣ ಮುಂದೆ ಇದ್ದವು. ಮೊದಲನೆಯದು, ದುಡ್ಡು ಕಳಿಸುವಾಗ ಪರದೆಯಲ್ಲಿ ಬಂದ ಹೆಸರು. ಅದು ಲಾಡ್ಜಿನ ಹೆಸರಾಗಿರಲಿಲ್ಲ, ಯಾವುದೋ ವ್ಯಕ್ತಿಯ ಹೆಸರು. ಎರಡನೆಯದು ಇನ್ನೂ ದೊಡ್ಡದು. ಅಮ್ಮನಿಗೆ ಮಂಡಿ ನೋವು, ರೈಲ್ವೆ ಸ್ಟೇಷನ್‌ನಿಂದ ಎಷ್ಟು ದೂರ ಎಂದು ಕೇಳಿದ್ದೆ. "ಹತ್ತಿರವೇ, ನಡೆದುಕೊಂಡು ಬರಬಹುದು" ಎಂದಿದ್ದ. ಬಾದಾಮಿ ಸ್ಟೇಷನ್ ಊರಿನಿಂದ ಸುಮಾರು 5 ಕಿಲೋಮೀಟರ್ ಆಚೆ ಇದೆ. ಆ ಊರಿನಲ್ಲಿ ಒಂದು ದಿನ ಇದ್ದವರೂ ಹಾಗೆ ಹೇಳುವುದಿಲ್ಲ. ಆದ್ದರಿಂದ ರೂಮು ಕೇಳುವಾಗ ಊರಿನ ಬಗ್ಗೆ ಒಂದೆರಡು ಪ್ರಶ್ನೆ ಕೇಳಿ. ಸ್ಟೇಷನ್‌ನಿಂದ ಆಟೋಗೆ ಎಷ್ಟಾಗುತ್ತದೆ, ಬಸ್ ಸ್ಟ್ಯಾಂಡಿನಿಂದ ಯಾವ ಕಡೆ ತಿರುಗಬೇಕು, ಪಕ್ಕದಲ್ಲಿ ಯಾವ ಖಾನಾವಳಿ ಇದೆ ಅಂತ. ಉತ್ತರ ಬಂದ ಮೇಲೆ ಮ್ಯಾಪ್ ತೆರೆದು ತಾಳೆ ನೋಡಿ.

ತುಮಕೂರಿನಲ್ಲಿ ರಾತ್ರಿ ರೈಲು ಹತ್ತಿ ಬೆಳಗ್ಗೆ ಬಾದಾಮಿಯಲ್ಲಿ ಇಳಿದೆವು. ಆಟೋದಲ್ಲಿ ಲಾಡ್ಜಿಗೆ ಹೋದರೆ ನಮ್ಮ ಹೆಸರಿನಲ್ಲಿ ಬುಕಿಂಗೇ ಇಲ್ಲ. ಕೌಂಟರಿನಲ್ಲಿದ್ದ ಹುಡುಗನಿಗೆ ಏನೂ ಗೊತ್ತಿರಲಿಲ್ಲ. ನಾನು ಅದೇ ನಂಬರಿಗೆ ಫೋನ್ ಮಾಡಿದೆ. ಅವನು ತಕ್ಷಣ ಎತ್ತಿದ. "ಕ್ಷಮಿಸಿ ಮೇಡಂ, ತಪ್ಪಾಗಿದೆ, ನಿಮ್ಮ ಪೂರ್ತಿ 12,801 ಈಗಲೇ ವಾಪಸ್ ಮಾಡುತ್ತೇವೆ. ಒಂದು ಕೋಡ್ ಕಳಿಸಿದ್ದೇನೆ, ಸ್ಕ್ಯಾನ್ ಮಾಡಿ ಪಿನ್ ಹಾಕಿ" ಎಂದ. ರಾತ್ರಿಯಿಡೀ ನಿದ್ದೆ ಇಲ್ಲ. ಅಮ್ಮ ಮೆಟ್ಟಿಲ ಮೇಲೆ ಕೂತಿದ್ದರು. ಮಗ ಹಸಿವು ಎನ್ನುತ್ತಿದ್ದ. ಪಕ್ಕದಲ್ಲಿದ್ದ ಇನ್ನೊಂದು ಫೋನಿನಲ್ಲಿ ಕೋಡ್ ತೆರೆದು ಸ್ಕ್ಯಾನ್ ಮಾಡಿ ಪಿನ್ ಹಾಕಿಬಿಟ್ಟೆ. ಇನ್ನೊಂದು 12,801 ಹೋಯಿತು.

ಅಷ್ಟರಲ್ಲಿ ಮ್ಯಾನೇಜರ್ ಬಂದರು. "ಅಕ್ಕಾರ, ಯಾರ ಜೋಡಿ ಮಾತಾಡಾಕತ್ತೀರಿ? ಆ ನಂಬರ್ ನಮ್ದಲ್ಲರೀ" ಎಂದರು. ಆ ಜಾತ್ರೆಯಲ್ಲಿ ಹೀಗೆ ಬಂದವರಲ್ಲಿ ನಾವು ನಾಲ್ಕನೆಯವರಂತೆ.

ಇದೊಂದನ್ನು ಮಾತ್ರ ಮನೆಯ ಹಿರಿಯರಿಗೂ ಮಕ್ಕಳಿಗೂ ಹೇಳಿಕೊಡಿ. ಯುಪಿಐ ಪಿನ್ ಹಾಕುವುದು ದುಡ್ಡು ಕಳಿಸಲು ಮಾತ್ರ. ನಮ್ಮ ಖಾತೆಗೆ ದುಡ್ಡು ಬರಬೇಕಾದರೆ ಪಿನ್ ಬೇಡ, ಸ್ಕ್ಯಾನ್ ಬೇಡ, ಏನೂ ಬೇಡ. ವಾಪಸ್ ಕೊಡುತ್ತೇನೆ, ಪಿನ್ ಹಾಕಿ ಎಂದರೆ ಅಲ್ಲೇ ಫೋನ್ ಇಟ್ಟುಬಿಡಿ.

ಮ್ಯಾನೇಜರ್ ಹೇಳಿದ ಮೇಲೆ 1930ಕ್ಕೆ ಫೋನ್ ಮಾಡಿದೆ. ಇದು ದೇಶಕ್ಕೆಲ್ಲ ಒಂದೇ ಇರುವ ಸೈಬರ್ ವಂಚನೆಯ ಸಹಾಯವಾಣಿ. ಎಷ್ಟು ಹೊತ್ತಿಗೆ, ಎಷ್ಟು ಹಣ, ಯಾವ ಬ್ಯಾಂಕಿನಿಂದ, ವಹಿವಾಟಿನ ನಂಬರ್ ಏನು ಎಂದು ಕೇಳುತ್ತಾರೆ. ಇವೆಲ್ಲ ಕೈಯಲ್ಲಿ ಇಟ್ಟುಕೊಂಡೇ ಫೋನ್ ಮಾಡಿ. ನನ್ನ ಬೆಳಗಿನ 12,801 ಹೋಗಿ ಅರ್ಧ ಗಂಟೆ ಆಗಿರಲಿಲ್ಲ. ಅದು ಮುಂದಿನ ಖಾತೆಯಲ್ಲಿ ಇನ್ನೂ ಇತ್ತು, ಬ್ಯಾಂಕಿನವರು ತಡೆಹಿಡಿದಿದ್ದಾರೆ ಎಂದು ಆಮೇಲೆ ಸಂದೇಶ ಬಂತು. ಇನ್ನೂ ನನ್ನ ಕೈಗೆ ಬಂದಿಲ್ಲ, ಅದಕ್ಕೆ ಬೇರೆ ಅರ್ಜಿ ಹಾಕಿದ್ದೇನೆ. ಎರಡು ವಾರದ ಹಿಂದೆ ಕಳಿಸಿದ್ದ ದುಡ್ಡು ಅಷ್ಟರಲ್ಲಿ ಎಲ್ಲೆಲ್ಲೋ ಹೋಗಿಬಿಟ್ಟಿತ್ತು. ಮೊದಲ ಸಲ "ಒಂದು ರೂಪಾಯಿ ಸೇರಿಸಿ" ಎಂದಾಗಲೇ 1930ಕ್ಕೆ ಫೋನ್ ಮಾಡಿದ್ದರೆ ಅದನ್ನೂ ಹಿಡಿಯಬಹುದಿತ್ತೇನೋ. ನಾಚಿಕೆಪಟ್ಟುಕೊಂಡು ತಡಮಾಡಬೇಡಿ. ಸೈಬರ್ ದೂರಿನ ಸರ್ಕಾರಿ ಜಾಲತಾಣದಲ್ಲೂ ದೂರು ಹಾಕಿ, ರಸೀದಿ, ಚಾಟ್, ಕೋಡ್ ಎಲ್ಲದರ ಸ್ಕ್ರೀನ್‌ಶಾಟ್ ಸೇರಿಸಿ.

ಇದು ಬಾದಾಮಿಯೊಂದರ ಕಥೆಯಲ್ಲ. ಕೇಂದ್ರ ಗೃಹ ಸಚಿವಾಲಯದ ಸೈಬರ್ ವಿಭಾಗ 2025ರ ಏಪ್ರಿಲ್‌ನಲ್ಲೇ ಯಾತ್ರಿಕರಿಗೆ ಎಚ್ಚರಿಕೆ ಕೊಟ್ಟಿತ್ತು. ಕೇದಾರನಾಥದ ಹೆಲಿಕಾಪ್ಟರ್ ಟಿಕೆಟ್, ಯಾತ್ರಿಕರ ವಸತಿ, ಟ್ಯಾಕ್ಸಿ, ಪ್ಯಾಕೇಜ್ ಹೆಸರಿನಲ್ಲಿ ನಕಲಿ ಜಾಲತಾಣ, ನಕಲಿ ವಾಟ್ಸಾಪ್ ಖಾತೆ ಮಾಡಿ ಮೋಸ ಮಾಡುತ್ತಾರೆ ಎಂದು. ನಾನು ಅದನ್ನು ಓದಿದ್ದು ದುಡ್ಡು ಹೋದ ಮೇಲೆ.

ಫೋನು, ದೂರು, ಠಾಣೆ ಎಂದು ಹನ್ನೊಂದೂವರೆ ಆಯಿತು. ಲಗೇಜ್ ಇಡಲು ಜಾಗವಿಲ್ಲ. ಎಲ್ಲಾ ಹೊತ್ತುಕೊಂಡೇ ಬನಶಂಕರಿಗೆ ಹೋದೆವು, ಬಾದಾಮಿಯಿಂದ ಸುಮಾರು 5 ಕಿಲೋಮೀಟರ್. ಅಮ್ಮ ಸೀರೆ ಕೊಟ್ಟು ಕಣ್ಣು ಒರೆಸಿಕೊಂಡು ಬಂದರು. ಗುಡಿಯ ಹತ್ತಿರ ಬುಟ್ಟಿ ಇಟ್ಟುಕೊಂಡು ರೊಟ್ಟಿ ಊಟ ಮಾರುವ ಹೆಂಗಸರು ಇರುತ್ತಾರೆ. ಜೋಳದ ರೊಟ್ಟಿ, ಎಣ್ಣೆಗಾಯಿ, ಕಾಳು ಪಲ್ಯ, ಶೇಂಗಾ ಚಟ್ನಿ, ಕೆನೆ ಮೊಸರು. ನಮ್ಮ ಮುಖ ನೋಡಿಯೇ ಒಬ್ಬರು ಕೇಳಿದರು, "ಯಾಕ ಯವ್ವಾ, ಏನಾತು?" ಎಂದು. ಹೇಳಿದೆ. ಅವರು ನಮ್ಮ ಚೀಲಗಳನ್ನೆಲ್ಲ ತಮ್ಮ ಬುಟ್ಟಿಯ ಹಿಂದೆ ಇಡಿಸಿಕೊಂಡರು. ಅಪ್ಪನಿಗೆ ರೊಟ್ಟಿಯ ಮೇಲೆ ರೊಟ್ಟಿ ಹಾಕಿದರು. ದುಡ್ಡು ಕೊಡುವಾಗ "ಹುಡುಗಂದು ಬ್ಯಾಡ, ಮೂರು ಮಂದೀದು ಕೊಡ್ರಿ" ಎಂದರು. ಅಷ್ಟು ರುಚಿಯಾದ ಎಣ್ಣೆಗಾಯಿ ನಾನು ಯಾವ ಹೋಟೆಲಿನಲ್ಲೂ ತಿಂದಿಲ್ಲ. ಬನಶಂಕರಿಗೆ ಹೋದವರು ಊಟವನ್ನು ಅಲ್ಲೇ ಮಾಡಿ. ಅವರಿಗೆ ಕೊಡಲು ಚಿಲ್ಲರೆ, ನಗದು ಇಟ್ಟುಕೊಂಡಿರಿ. ನಾನು ಬೆಳಗ್ಗೆಯೇ ಯುಪಿಐ ಬಂದ್ ಮಾಡಿಸಿದ್ದೆ. ಅಪ್ಪನ ಜೇಬಿನಲ್ಲಿ ಹಳೆ ಅಭ್ಯಾಸದ ಮೇಲೆ ಇಟ್ಟಿದ್ದ ನೋಟುಗಳೇ ಆ ದಿನ ನಮ್ಮನ್ನು ನಡೆಸಿದ್ದು.

ಬಾದಾಮಿಯಲ್ಲಿ ರೂಮು ಸಿಗಲೇ ಇಲ್ಲ. ಬಾಗಲಕೋಟೆಯಲ್ಲಿ ಒಂದು ಸಿಕ್ಕಿತು. ಮನೆಯಲ್ಲಿದ್ದ ಗಂಡ ಲಾಡ್ಜಿನವರ ಜೊತೆ ಮಾತನಾಡಿ, ನಾವು ಕೌಂಟರಿನ ಮುಂದೆ ನಿಂತ ಮೇಲೆ ದುಡ್ಡು ಕಳಿಸಿದರು.

ಅದಕ್ಕೆ ಮುಂಚೆ, ಮಧ್ಯಾಹ್ನ ಮೂರರ ಮೇಲೆ ಪಟ್ಟದಕಲ್ಲಿಗೆ ಹೋದೆವು. ಅಷ್ಟಾದರೂ ಆಯಿತಲ್ಲ ಎಂಬುದೇ ಸಮಾಧಾನ. 1987ರಲ್ಲಿ ಯುನೆಸ್ಕೋ ವಿಶ್ವ ಪರಂಪರೆಯ ಪಟ್ಟಿಗೆ ಸೇರಿದ ಜಾಗ ಅದು. ಇಮ್ಮಡಿ ವಿಕ್ರಮಾದಿತ್ಯ ಕಂಚಿಯನ್ನು ಗೆದ್ದ ನೆನಪಿಗೆ ರಾಣಿ ಲೋಕಮಹಾದೇವಿ ಕಟ್ಟಿಸಿದ ವಿರೂಪಾಕ್ಷ ಗುಡಿಯ ಮುಂದೆ ಅಪ್ಪ ಹಳೆಯ ಮೇಷ್ಟ್ರಾಗಿಬಿಟ್ಟರು. ಕಂಚಿ ಗೆದ್ದರೂ ಅಲ್ಲಿನ ಕೈಲಾಸನಾಥ ಗುಡಿಯ ಸಂಪತ್ತನ್ನು ಅವನು ಮುಟ್ಟದೆ ದೇವರಿಗೇ ಬಿಟ್ಟನಂತೆ. ಆ ಮಾತನ್ನು ಅಲ್ಲೇ ಕನ್ನಡದಲ್ಲಿ ಶಾಸನ ಮಾಡಿಸಿದ್ದಾನೆ ಎಂದು ಮೊಮ್ಮಗನಿಗೆ ಹೇಳುತ್ತಿದ್ದರು. ಸುತ್ತ ನಿಂತಿದ್ದ ಐದಾರು ಜನರೂ ಕೇಳಿಸಿಕೊಂಡರು. ಆದರೆ ಬಿಸಿಲು ಇಳಿಯುತ್ತಿತ್ತು. ಅಲ್ಲಿಂದ ಐಹೊಳೆ ದೂರವೇನಲ್ಲ. ಮೇಗುತಿ ಬಸದಿ ಮಾತ್ರ ಗುಡ್ಡದ ಮೇಲಿದೆ. ಕತ್ತಲೆಗೆ ಮುಂಚೆ ಹತ್ತಿ ಇಳಿಯಲು ಆಗುತ್ತಿರಲಿಲ್ಲ.

ಮರುದಿನ ಬೆಳಗ್ಗೆ ಅಪ್ಪನ ಬಿಪಿ ಏರಿತ್ತು. ಬಾದಾಮಿಯ ಗುಹೆಗಳಿಗೆ ಹೋದರೂ ಮೊದಲನೆಯ ಗುಹೆಯ ಹದಿನೆಂಟು ಕೈಯ ನಟರಾಜನನ್ನು ನೋಡಿ ಅಲ್ಲೇ ಕೂತುಬಿಟ್ಟರು. ಮಂಗಳೇಶನ 578ರ ಶಾಸನ ಇರುವ ಮೂರನೆಯ ಗುಹೆಗೆ ನಾನು, ಮಗ ಇಬ್ಬರೇ ಹತ್ತಿದೆವು. ಅಪ್ಪನಿಗಾಗಿ ಫೋಟೋ ತೆಗೆದುಕೊಂಡು ಬಂದೆವು. ಸಂಜೆ ರೈಲು ಹತ್ತಿದೆವು. ಐಹೊಳೆ ಉಳಿಯಿತು. ಅಪ್ಪ ಒಂದು ಮಾತೂ ಆಡಲಿಲ್ಲ. "ಇರಲಿ ಬಿಡಮ್ಮ" ಅಂದರು ಅಷ್ಟೇ.

ನೀವು ಹೋಗುವವರಾದರೆ ಊರು ಬಿಡುವ ಮುಂಚೆ ಹೀಗೆ ಮಾಡಿ. ಮ್ಯಾಪ್‌ನಲ್ಲಿ ಸಿಕ್ಕ ನಂಬರನ್ನು ಇನ್ನೊಂದು ಕಡೆಯ ನಂಬರಿನ ಜೊತೆ ಹೋಲಿಸಿ. ಜನ ಹಾಕಿದ ಹಳೆಯ ಫೋಟೋಗಳಲ್ಲಿ ಲಾಡ್ಜಿನ ಬೋರ್ಡ್ ಇರುತ್ತದೆ, ಬಿಲ್ ಇರುತ್ತದೆ. ಅದರಲ್ಲಿ ಅಚ್ಚಾದ ನಂಬರಿಗೆ ಫೋನ್ ಮಾಡಿ. ನಾನು ಆಮೇಲೆ ನೋಡಿದಾಗ ಆ ಲಾಡ್ಜಿನ ನಿಜವಾದ ನಂಬರ್ ಬೋರ್ಡಿನ ಫೋಟೋದಲ್ಲೇ ಇತ್ತು. ಸರ್ಕಾರಿ ಹೋಟೆಲ್ ಬೇಕಿದ್ದರೆ ಪ್ರವಾಸೋದ್ಯಮ ನಿಗಮದ ಸ್ವಂತ ಜಾಲತಾಣಕ್ಕೇ ಹೋಗಿ, ಹುಡುಕಿದಾಗ ಮೇಲೆ ಬರುವ ಜಾಹೀರಾತನ್ನು ಒತ್ತಬೇಡಿ. ಮುಂಗಡ ಕೊಡಲೇಬೇಕಾದರೆ ಒಂದು ದಿನದ್ದು ಮಾತ್ರ ಕೊಡಿ. ಖಾತೆಯ ಹೆಸರು ಬೇರೆ ಬಂದರೆ ಅಲ್ಲೇ ನಿಲ್ಲಿಸಿ. ದೊಡ್ಡ ಮೊತ್ತ ಇರುವ ಖಾತೆಗೆ ಯುಪಿಐ ಜೋಡಿಸಬೇಡಿ, ಪ್ರವಾಸಕ್ಕೆ ಬೇರೆ ಚಿಕ್ಕ ಖಾತೆ ಇರಲಿ. ಜಾತ್ರೆಯ ಸಮಯದಲ್ಲಿ ಬಾದಾಮಿಯಲ್ಲೇ ಉಳಿಯಬೇಕು ಎಂಬ ಹಠ ಬೇಡ. ಬಾಗಲಕೋಟೆಯಲ್ಲಿ ಉಳಿದು ಬೆಳಗ್ಗೆ ಬೇಗ ಹೊರಟರೂ ಆಗುತ್ತದೆ. ವಯಸ್ಸಾದವರು ಜೊತೆಗಿದ್ದರೆ ಐಹೊಳೆಗೆ ಮೊದಲು ಹೋಗಿ, ಮೇಗುತಿ ಗುಡ್ಡವನ್ನು ಬೆಳಗಿನ ತಂಪಿನಲ್ಲೇ ಹತ್ತಿಸಿಬಿಡಿ.

ಊರಿಗೆ ಬಂದ ಮೇಲೆ ಆ ಸುಳ್ಳು ನಂಬರಿನ ಬಗ್ಗೆ ಮ್ಯಾಪ್‌ನವರಿಗೆ ದೂರು ಹಾಕಿದೆ. ಲಾಡ್ಜಿನ ಮ್ಯಾನೇಜರೂ ಹಾಕಿದರು. ಒಂಬತ್ತು ದಿನಕ್ಕೆ ಸರಿ ಆಯಿತು. ನಿನ್ನೆ ಇದನ್ನು ಬರೆಯಲು ಕೂತಾಗ ಮತ್ತೆ ತೆರೆದು ನೋಡಿದೆ. ಅದೇ ಲಾಡ್ಜಿನ ಹೆಸರಿನ ಕೆಳಗೆ ಇನ್ನೊಂದು ಹೊಸ ನಂಬರ್ ಬಂದು ಕೂತಿದೆ. ಮ್ಯಾನೇಜರಿಗೆ ಫೋನ್ ಮಾಡಿ ಕೇಳಿದೆ. ಅದೂ ಅವರದಲ್ಲ.