‘ಚಿನ್ನ ಮಾತ್ರ ತೋರಿಸುತ್ತೆ’ ಅಂತ ಮೆಟಲ್ ಡಿಟೆಕ್ಟರ್ ಮಾರುವವರಿದ್ದಾರೆ, ಹುಷಾರು

ಹುಲ್ಲು ಕೊಯ್ಯುವಾಗ ಅತ್ತಿಗೆಯ ಒಂದು ಬೆಂಡೋಲೆ ಅಡಿಕೆ ತೋಟದಲ್ಲಿ ಬಿದ್ದುಹೋಯಿತು. ಅವರಮ್ಮ ಕೊಟ್ಟಿದ್ದು. ಹುಡುಕಲು ಅಂತ ಅಣ್ಣ ಪೇಟೆಯಿಂದ ಮೆಟಲ್ ಡಿಟೆಕ್ಟರ್ ತಂದ. ಆಮೇಲೆ ಆದದ್ದು ಬೇರೆ ಯಾರ ಮನೆಯಲ್ಲೂ ಆಗಬಾರದು ಅಂತ ಇದನ್ನು ಬರೆಯುತ್ತಿದ್ದೇನೆ.

ಅಂಗಡಿಯವನು ಮೇಜಿನ ಮೇಲೆ ಉಂಗುರ ಇಟ್ಟು, ಗುಂಡಿಯನ್ನು ‘ಗೋಲ್ಡ್’ ಅಂತ ಬರೆದ ಕಡೆ ತಿರುಗಿಸಿ ಕಾಯಿಲ್ (ಕೋಲಿನ ತುದಿಯಲ್ಲಿರುವ ದುಂಡನೆಯ ತಟ್ಟೆ) ಆಡಿಸಿದನಂತೆ. ಮೆಷಿನ್ ಕೂಗಿತು. “ಸಾರ್, ಚಿನ್ನ ಬಿಟ್ಟು ಬೇರೆ ಯಾವುದಕ್ಕೂ ಕೂಗಲ್ಲ. ಹತ್ತು ಅಡಿ ಆಳ ಹಿಡಿಯುತ್ತೆ” ಅಂದನಂತೆ. ಎರಡೂ ಶುದ್ಧ ಸುಳ್ಳು.

ಕಾಯಿಲ್‌ನಿಂದ ಕಾಂತಕ್ಷೇತ್ರ ನೆಲಕ್ಕೆ ಇಳಿಯುತ್ತದೆ. ಅಲ್ಲಿ ಲೋಹ ಇದ್ದರೆ ಅದರೊಳಗೆ ಸಣ್ಣ ವಿದ್ಯುತ್ ಸುಳಿ ಎದ್ದು, ಅದರ ಪ್ರತಿಕ್ರಿಯೆ ವಾಪಸ್ ಬರುತ್ತದೆ. ಮೆಷಿನ್‌ಗೆ ಗೊತ್ತಾಗುವುದು ಇಷ್ಟೇ. ಸಣ್ಣ ಒಡವೆಯೂ ಮಾತ್ರೆ ಶೀಟಿನ ಅಲ್ಯೂಮಿನಿಯಂ ಹಾಳೆಯೂ ಅದಕ್ಕೆ ಹೆಚ್ಚುಕಡಿಮೆ ಒಂದೇ. ಹಾಳೆಗೆ ಕೂಗಬಾರದು ಅಂತ ಸೆಟ್ ಮಾಡಿದರೆ ಬೆಂಡೋಲೆಗೂ ಕೂಗದೇ ಇರಬಹುದು! ಇನ್ನು ಆಳ. ಇಂಥ ಕೈ ಮೆಷಿನ್‌ಗೆ ನಾಣ್ಯದಷ್ಟು ದೊಡ್ಡ ವಸ್ತು ಸಿಗುವುದು ಸುಮಾರು ಒಂದು ಗೇಣಿನ ಆಳದವರೆಗೆ. ಬೆಂಡೋಲೆ ಅದಕ್ಕಿಂತಲೂ ಮೇಲೇ ಇರಬೇಕು.

ನಮ್ಮ ತೋಟದ್ದು ಜಂಬಿಟ್ಟಿಗೆ ಮಣ್ಣು, ಅಂದರೆ ಕಬ್ಬಿಣದ ಅಂಶ ಜಾಸ್ತಿ. ಕಾಯಿಲ್ ಇಳಿಸಿದಲ್ಲೆಲ್ಲಾ ಕಿರುಚಾಟ. ಇದಕ್ಕೆ ಗ್ರೌಂಡ್ ಬ್ಯಾಲೆನ್ಸ್ ಮಾಡಬೇಕು. ಲೋಹ ಇಲ್ಲದ ಜಾಗ ನೋಡಿ, ಕಾಯಿಲ್ ಅನ್ನು ನೆಲದ ಹತ್ತಿರ ಮೇಲೆ ಕೆಳಗೆ ಆಡಿಸುತ್ತಾ, ಸದ್ದು ಏರಿಳಿಯದೆ ಒಂದೇ ಸಮ ಆಗುವ ತನಕ ಹೊಂದಿಸುವುದು. ಅಗ್ಗದ ಹಲವು ಮೆಷಿನ್‌ಗಳಲ್ಲಿ ಆ ಸೌಲಭ್ಯವೇ ಇರುವುದಿಲ್ಲ. ನಮ್ಮದರಲ್ಲೂ ಇರಲಿಲ್ಲ. ಅಂಗಡಿಯವನು ಅದರ ಸುದ್ದಿಯನ್ನೇ ಎತ್ತಿರಲಿಲ್ಲ.

ಫೋನ್ ಮಾಡಿದರೆ, ಕಲಿಸಿಕೊಡಲು ಜನ ಕಳಿಸುತ್ತೇನೆ ಅಂತ ಬೇರೆ ದುಡ್ಡು ತೆಗೆದುಕೊಂಡ. ಬಂದವನು ಸೆಟ್ಟಿಂಗ್ ಮುಟ್ಟಲೇ ಇಲ್ಲ. ಮೆಷಿನ್ ಜೋರಾಗಿ ಕೂಗಿದ ಕಡೆ ನಿಂತು, “ಎಂಟು ಅಡಿ ಕೆಳಗೆ ದೊಡ್ಡದು ಇದೆ ಸಾರ್, ಬೆಂಡೋಲೆ ಬಿಡಿ” ಅಂದ. ತನ್ನ ಆಳುಗಳಿಂದ ಅಗೆಸಿಯೂ ಬಿಟ್ಟ. ಸಿಕ್ಕಿದ್ದು ಕೆಂಪು ಕಲ್ಲು, ಒಂದು ತುಕ್ಕು ಹಿಡಿದ ಗುದ್ದಲಿ. ಹಾಳಾಗಿದ್ದು ಡ್ರಿಪ್ ಪೈಪು, ಅಡಿಕೆ ಬೇರು. ಆಮೇಲೆ ಅವನು ತೋರಿಸಿದ್ದು ‘ಲಾಂಗ್ ರೇಂಜ್’ ಮೆಷಿನ್, ಅಂದರೆ ಆಂಟೆನಾ ತಾನಾಗಿ ತಿರುಗಿ ದೂರದಿಂದಲೇ ಚಿನ್ನ ತೋರಿಸುತ್ತೆ ಅನ್ನುವಂಥದ್ದು. ಅದಕ್ಕೆ ಲಕ್ಷಗಟ್ಟಲೆ ಕೇಳಿದ. ಅಪ್ಪ ಅವನನ್ನು ಅಲ್ಲಿಂದಲೇ ಕಳಿಸಿದರು.

ದಯವಿಟ್ಟು ಅಂಥದ್ದನ್ನು ನಂಬಬೇಡಿ. ಎಡಿಇ 651 ಅಂತ ಇಂಥದೇ ತಿರುಗುವ ಆಂಟೆನಾದ ಪೊಳ್ಳು ಸಾಧನವನ್ನು ಬಾಂಬ್ ಪತ್ತೆಗೆ ಅಂತ ಇರಾಕಿಗೆ ಮಾರಿದ ಜೇಮ್ಸ್ ಮೆಕಾರ್ಮಿಕ್‌ಗೆ 2013ರಲ್ಲಿ ಬ್ರಿಟನ್ನಿನ ಕೋರ್ಟು 10 ವರ್ಷ ಜೈಲು ವಿಧಿಸಿತು. ಆ ಸಾಧನ ನಂಬಿದ ಚೆಕ್‌ಪೋಸ್ಟ್‌ಗಳನ್ನು ದಾಟಿ ಬಾಂಬುಗಳು ಹೋಗಿದ್ದವು.

ಗುಂಡಿ ನೋಡಿದ ಊರವರು ನಿಧಿ ಸಿಕ್ಕಿದೆ ಅಂತ ಮಾತಾಡಿಕೊಂಡರು. ರಾತ್ರಿ ತೋಟದಲ್ಲಿ ಟಾರ್ಚ್ ಬೆಳಕು ಕಂಡು ಅಮ್ಮನಿಗೆ ನಿದ್ದೆ ಇಲ್ಲದಂತಾಯಿತು. ನಿಜಕ್ಕೂ ನೆಲದಲ್ಲಿ ಹಳೆಯದು ಸಿಕ್ಕರೆ ಅದು ತಾನಾಗಿ ನಮ್ಮದಾಗುವುದಿಲ್ಲ, ಜಿಲ್ಲಾಧಿಕಾರಿಗೆ ತಿಳಿಸಬೇಕು. ಕರ್ನಾಟಕದಲ್ಲಿ ಅದಕ್ಕೆ 1962ರ ಕಾಯ್ದೆಯೇ ಇದೆ. ಸಂರಕ್ಷಿತ ಸ್ಮಾರಕದ ಜಾಗದಲ್ಲಂತೂ ಸುಮ್ನೆ ಅಗೆದರೆ ಕೇಸು ಗ್ಯಾರಂಟಿ.

ಮೆಷಿನ್ ಕೊಳ್ಳಲೇಬೇಕು ಅಂತಿದ್ದರೆ ಮೇಜಿನ ಮೇಲಿನ ಪರೀಕ್ಷೆ ಒಪ್ಪಬೇಡಿ. ನಿಮ್ಮದೇ ತೋಟದ ಮಣ್ಣಲ್ಲಿ ನಾಲ್ಕು ಬೆರಳು ಆಳಕ್ಕೆ ಉಂಗುರ ಹೂತು, ಗುರುತಿಗೆ ಒಂದು ಕಡ್ಡಿ ನೆಟ್ಟು, ತೋರಿಸು ಅನ್ನಿ. ಮೊಬೈಲ್ ದೂರ ಇಡಿ. ಐಬೆಕ್ಸ್ ಬೇಲಿ (ಕರೆಂಟ್ ಬೇಲಿ) ಆಫ್ ಮಾಡಿ. ಕಾಯಿಲ್‌ನ ವೈರ್ ಜೋತು ಬೀಳದಂತೆ ಕೋಲಿಗೆ ಬಿಗಿಯಾಗಿ ಸುತ್ತಿರಬೇಕು, ಸಡಿಲ ಇದ್ದರೆ ಸುಳ್ಳು ಸದ್ದು ಬರುತ್ತದೆ. ಇಷ್ಟಾದ ಮೇಲೂ ಕೂಗದಿದ್ದರೆ ದುಡ್ಡು ಕೊಡಬೇಡಿ. ಬಿಲ್ ಬೇಕೇ ಬೇಕು ಅನ್ನಿ. ನಮಗೆ ಕೊಟ್ಟಿದ್ದು ಬರೀ ಚೀಟಿ. ಅದನ್ನೇ ಇಟ್ಟುಕೊಂಡು ಗ್ರಾಹಕ ಸಹಾಯವಾಣಿ 1915ಕ್ಕೆ ದೂರು ಕೊಟ್ಟಿದ್ದೇವೆ. ದುಡ್ಡು ಇನ್ನೂ ಬಂದಿಲ್ಲ.